ಜ್ವರ ಬಂದ ತಕ್ಷಣ ವೈಡಾಲ್ ಟೆಸ್ಟ್ ಬೇಕಾ?

ಎರಡು ದಿನ ಜ್ವರ ಬಂದ್ರೆ ಸಾಕು, ಲ್ಯಾಬಿಗೆ ಓಡಿ ವೈಡಾಲ್ ಮಾಡ್ಸಿ "ಟೈಫಾಯ್ಡ್ ಪಾಸಿಟಿವ್" ಅಂತ ರಿಪೋರ್ಟ್ ಹಿಡ್ಕೊಂಡ್ ಬರೋದು ನಮ್ ಕಡೆ ಮಾಮೂಲಿ. ಈ ಟೆಸ್ಟ್ 1896ರದ್ದು ಸ್ವಾಮಿ! ಅದು ಹುಡುಕೋದು ರೋಗಾಣುನ ಅಲ್ಲ, ರಕ್ತದಲ್ಲಿರೋ ಆಂಟಿಬಾಡಿನ (ರೋಗಾಣು ವಿರುದ್ಧ ಹೋರಾಡೋಕೆ ನಮ್ ದೇಹ ತಯಾರಿಸೋ ಪ್ರೋಟೀನು), ಹಂಗಾಗಿ ಹಿಂದೆ ಯಾವಾಗ್ಲೋ ಟೈಫಾಯ್ಡ್ ಬಂದಿದ್ರೂ, ಲಸಿಕೆ ಹಾಕ್ಸಿದ್ರೂ, ಮಲೇರಿಯಾ ತರ ಬೇರೆ ಜ್ವರ ಇದ್ರೂ ಪಾಸಿಟಿವ್ ತೋರ್ಸ್ಬಹುದು, ನಿಜವಾಗ್ಲೂ ಟೈಫಾಯ್ಡ್ ಇದ್ದಾಗ ಮೊದಲ್ನೇ ವಾರ ನೆಗೆಟಿವ್ ಬರೋದೂ ಉಂಟು.

ಅದ್ರ ಬದ್ಲು ಡಾಕ್ಟರ್ ಹತ್ರ "ಬ್ಲಡ್ ಕಲ್ಚರ್ ಮಾಡ್ಸೋಣ್ವಾ ಸಾರ್?" ಅಂತ ಕೇಳಿ, ಅಂದ್ರೆ ರಕ್ತದಲ್ಲಿರೋ ರೋಗಾಣುನ ಲ್ಯಾಬಲ್ಲಿ ಬೆಳೆಸಿ ನೋಡೋ ಟೆಸ್ಟ್. ಆಂಟಿಬಯಾಟಿಕ್ ಶುರು ಮಾಡೋಕ್ ಮುಂಚೆನೇ ರಕ್ತ ಕೊಡ್ಬೇಕು, ಇದನ್ನಂತೂ ಮರೀಬೇಡಿ, ಮಾತ್ರೆ ಒಳಗ್ ಹೋದ್ಮೇಲೆ ರೋಗಾಣು ಸಿಗೋ ಚಾನ್ಸ್ ಕಮ್ಮಿ ಆಗುತ್ತೆ. ರಿಪೋರ್ಟಿಗೆ ಕೆಲವು ದಿನ ಕಾಯ್ಬೇಕು, ದುಡ್ಡೂ ಜಾಸ್ತಿ, ಆದ್ರೆ ರೋಗಾಣು ಸಿಕ್ರೆ ಯಾವ ಔಷಧಿ ಅದಕ್ಕೆ ನಾಟುತ್ತೆ ಅಂತಾನೂ ತಿಳಿಯುತ್ತೆ. ನೆಗೆಟಿವ್ ಬಂದ್ರೆ ಟೈಫಾಯ್ಡ್ ಇಲ್ವೇ ಇಲ್ಲ ಅಂತೇನಲ್ಲ, ಅದನ್ನ ಡಾಕ್ಟರ್ ತೀರ್ಮಾನ ಮಾಡ್ಲಿ.

ವಾಸಿಯಾದ್ಮೇಲೆ "ಹೋಗಿದ್ಯಾ ನೋಡೋಣ" ಅಂತ ಮತ್ತೆ ವೈಡಾಲ್ ಮಾಡ್ಸೋದು ಶುದ್ಧ ದಂಡ, ಆಂಟಿಬಾಡಿ ತಿಂಗಳುಗಟ್ಟಲೆ ಇರುತ್ತೆ. ತುಂಬ ಸುಸ್ತು, ವಾಂತಿ, ಹೊಟ್ಟೆನೋವು ಇದ್ರೆ ಮಾತ್ರ ಯಾವ ರಿಪೋರ್ಟಿಗೂ ಕಾಯದೆ ಆಸ್ಪತ್ರೆಗೆ ಹೋಗಿ.