ಕೊನೆಯ ದಿನ ಮುಸ್ತಫಾ ಬಿಟ್ಟು ಉಬಿನ್‌ಗೆ ಹೋದೆ

ಸಿಂಗಪುರದ ಕೊನೆಯ ದಿನ ಮುಸ್ತಫಾ ಅನ್ನೋ ದೊಡ್ಡ ಅಂಗಡಿಗೆ ಹೋಗಿ ಚಾಕೊಲೇಟು, ಟೈಗರ್ ಬಾಮ್ ತುಂಬಿಕೊಂಡು ಬರುವುದು ನಮ್ಮವರಲ್ಲಿ ಶಾಸ್ತ್ರವೇ ಆಗಿಬಿಟ್ಟಿದೆ. "ರಾತ್ರಿ ಫ್ಲೈಟ್ ಇಟ್ಕೊಂಡು ದ್ವೀಪಕ್ಕೆ ಹೋಗ್ತೀಯಲ್ಲೋ, ಮಳೆ ಹಿಡಿದ್ರೆ ಅಲ್ಲೇ ಕೂತಿರ್ತೀಯ" ಅಂತ ನಮ್ಮ ಬರ್ಡಿಂಗ್ ಗುಂಪಿನವರೇ ನಕ್ಕಿದ್ದರು. ಮೂರನೇ ಸಲಕ್ಕೆ ಗೆದ್ದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಪುಲಾವ್ ಉಬಿನ್ ಅನ್ನೋ ಈ ದ್ವೀಪದಲ್ಲಿ ಮಾಡಿದ್ದು ಬರೀ ಓಟ. ಹತ್ತೋ ಹನ್ನೆರಡೋ ಡಾಲರ್ ಕೊಟ್ಟು ಸೈಕಲ್ ಹಿಡಿದು, ಹಳೆಯ ಕಲ್ಲುಕ್ವಾರಿಗಳನ್ನೆಲ್ಲ ಸುತ್ತಿ, ಇಳಿತದಲ್ಲಿ ಕೆಸರು ತೆರೆದುಕೊಳ್ಳುವ ಚೆಕ್ ಜಾವಾ ತೀರ ಮುಟ್ಟುವಷ್ಟರಲ್ಲಿ ಭರ್ತಿ ಉಬ್ಬರ. ಒಂದು ಏಡಿಯೂ ಇಲ್ಲ. ಸಾಲದ್ದಕ್ಕೆ, ಸೈಕಲ್ ಬುಟ್ಟಿಯಲ್ಲಿ ಬಿಟ್ಟಿದ್ದ ಪ್ಲಾಸ್ಟಿಕ್ ಚೀಲ ಎಳೆದು ಕಾಡುಹಂದಿ ನನ್ನ ಚಪಾತಿ ಮುಗಿಸಿತ್ತು. ಎರಡನೇ ಸಲ ಕೈಕೊಟ್ಟಿದ್ದು ಬಂಬೋಟು, ದ್ವೀಪಕ್ಕೆ ಹೋಗಿಬರುವ ಮೋಟಾರು ದೋಣಿ. ತಲೆಗೆ 4 ಡಾಲರ್, ಹನ್ನೆರಡು ಜನ ಆಗದೆ ಹೊರಡುವುದಿಲ್ಲ. ವಾರದ ದಿನ, ಗುಡುಗು ಬೇರೆ, ವಾಪಸು ಹೊರಟವರು ನಾಲ್ಕೇ ಮಂದಿ. ಫ್ಲೈಟಿನ ಭಯಕ್ಕೆ ಖಾಲಿ ಸೀಟಿನ ದುಡ್ಡೂ ನಾವೇ ಹಂಚಿಕೊಂಡು ತಲೆಗೆ 12 ಕಕ್ಕಿದೆವು.

ಈ ಸಲ ವಾಪಸಿನ ಟಿಕೆಟ್ ಮಾಡಿಸಿದ್ದೇ ಉಬ್ಬರ-ಇಳಿತದ ಪಟ್ಟಿ (ಟೈಡ್ ಟೇಬಲ್) ನೋಡಿ, ಅದೂ ಶನಿವಾರಕ್ಕೆ. ನೀರು ಅರ್ಧ ಮೀಟರಿಗಿಂತ ಕೆಳಗಿಳಿಯದ ದಿನ ಚೆಕ್ ಜಾವಾ ದಂಡ. ಲಗೇಜು ಬೆಳಗ್ಗೆಯೇ ಚಾಂಗಿ ಏರ್‌ಪೋರ್ಟಲ್ಲಿ ಇಟ್ಟೆ, ಇಪ್ಪತ್ತೈದು ಡಾಲರ್ ಇರಬೇಕು. ದೋಣಿಕಟ್ಟೆ ಅಲ್ಲಿಂದ ಟ್ಯಾಕ್ಸಿಯಲ್ಲಿ ಹತ್ತು-ಹದಿನೈದು ನಿಮಿಷ. ಸೈಕಲ್ ಬೇಡ ಅಂತ ನಡೆದೇ ಹೋಗಿ, ಕಾಂಡ್ಲಾ ಮರಗಳ ನಡುವಿನ ಬೋರ್ಡ್‌ವಾಕಿನಲ್ಲಿ ಒಂದೇ ಜಾಗದಲ್ಲಿ ಎರಡು ಗಂಟೆ ಕೂತೆ.

ಮಧ್ಯೆ ಒಂದು ತರ್ಲೆ ಪ್ರಯೋಗ. ಮೊಬೈಲನ್ನು ಸೆಲ್ಫಿ ಸ್ಟಿಕ್ಕಿಗೆ ಕಟ್ಟಿ ಕೆಸರಿನ ಮಟ್ಟಕ್ಕೆ ಇಳಿಬಿಟ್ಟೆ. ಕಾಲು ಗಂಟೆ ಕೆಸರಿನ ಜೀವಿಗಳೆಲ್ಲ ಬಿಲದೊಳಗೇ. ಆಮೇಲೆ ಕೆಸರಿನ ಮೇಲೆ ಓಡಾಡುವ ಮೀನು, ಒಂದು ಮಡ್‌ಸ್ಕಿಪ್ಪರ್ ತೆವಳಿ ಬಂದು, ಬೆನ್ನಿನ ರೆಕ್ಕೆ ಬಾವುಟದ ಹಾಗೆ ಎತ್ತಿ, ಒಂದು ಕಣ್ಣು ಒಳಗೆಳೆದು ಒದ್ದೆ ಮಾಡಿಕೊಂಡು ಮತ್ತೆ ಹೊರಗೆ ತಳ್ಳಿತು. ನಲವತ್ತು ನಿಮಿಷದ ವಿಡಿಯೋದಲ್ಲಿ ಕೆಲಸಕ್ಕೆ ಬಂದದ್ದು ಇಪ್ಪತ್ತು ಸೆಕೆಂಡು.

ಮಂಗಟ್ಟೆ ಹಕ್ಕಿ ಬಂದದ್ದು ಆಮೇಲೆ. ದಾಂಡೇಲಿಯದರ ದಾಯಾದಿಯೇ, ಗಾತ್ರದಲ್ಲಿ ತುಸು ಸಣ್ಣದು. ಸಿಂಗಪುರದಿಂದ ಮಾಯವಾಗಿದ್ದ ಇವು 1994ರಲ್ಲಿ ಮತ್ತೆ ಕಾಣಿಸಿದ್ದು ಈ ದ್ವೀಪದಲ್ಲೇ. ಆಮೇಲೆ ಗೂಡುಪೆಟ್ಟಿಗೆ ಇಟ್ಟು ಬೆಳೆಸಿದರು. ಗಂಡು ಕೊಕ್ಕಿನ ತುದಿಯಲ್ಲಿ ಅತ್ತಿಯಂಥ ಹಣ್ಣು ಹಿಡಿದು, ಮೇಲಕ್ಕೆಸೆದು ಗುಳುಂ ಮಾಡಿತು. ಹದಿನೈದು ಅಡಿ ದೂರ, ಕ್ರಾಪ್ ಮಾಡದ ಫ್ರೇಮ್! ಯಾವ ಮರ, ಎಷ್ಟು ಹೊತ್ತಿಗೆ ಅಂತ ಮಾತ್ರ ಕೇಳಬೇಡಿ.

ಸಂಜೆ ಐದಕ್ಕೆ ದೋಣಿ ಹತ್ತು ನಿಮಿಷದಲ್ಲಿ ತುಂಬಿತು. ಟೈಗರ್ ಬಾಮ್ ಏರ್‌ಪೋರ್ಟಲ್ಲೇ ತಗೊಂಡೆ, ಒಂದೆರಡು ಡಾಲರ್ ಜಾಸ್ತಿ.