ಮೈಟ್ರಲ್ ಕ್ಲಿಪ್ ಹಾಕುವಾಗ ಎಕೋ ಪ್ರೋಬ್ ಹಿಡಿದವರ ಕೆಲಸ

ಸೋರುವ ಮೈಟ್ರಲ್ ಕವಾಟಕ್ಕೆ (ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿಗಳ ನಡುವಿನದು) ತೊಡೆಯ ರಕ್ತನಾಳದಿಂದ, ಎರಡು ಎಸಳನ್ನು ಸೇರಿಸಿ ಹಿಡಿಯುವ ಕ್ಲಿಪ್ ಕಳಿಸುವಾಗ ಎಕ್ಸ್‌ರೇಯಲ್ಲಿ ಕ್ಲಿಪ್ ಕಾಣುತ್ತದೆ, ಕವಾಟದ ಎಸಳು ಕಾಣುವುದಿಲ್ಲ. ಅದನ್ನು ತೋರಿಸುವುದು ಅನ್ನನಾಳದಲ್ಲಿ ಇಳಿಸಿದ ತ್ರೀಡಿ ಎಕೋ (ಅಲ್ಟ್ರಾಸೌಂಡ್) ಪ್ರೋಬ್.

ಮೊದಲು ಹೃದಯದ ಸುತ್ತ ನೀರಿದೆಯೇ, ಅಪೆಂಡೇಜ್‌ನಲ್ಲಿ (ಎಡ ಹೃತ್ಕರ್ಣಕ್ಕೆ ಅಂಟಿದ ಪುಟ್ಟ ಚೀಲ) ರಕ್ತ ಹೆಪ್ಪುಗಟ್ಟಿದೆಯೇ ನೋಡಿ ಚಿತ್ರ ಉಳಿಸಿಕೊಳ್ಳುತ್ತೇನೆ. ಮೊದಲೇ ಇದ್ದ ನೀರು ಆಮೇಲೆ ಕಂಡು ಗಾಬರಿಯಾಗುವುದು ಬೇಡ.

ನನ್ನ ಲೆಕ್ಕದಲ್ಲಿ ಕೇಸ್ ಸಲೀಸಾಗುವುದೋ ಕೆಡುವುದೋ, ಎಡ ಹೃತ್ಕರ್ಣಕ್ಕೆ ದಾಟಲು ಎರಡು ಹೃತ್ಕರ್ಣಗಳ ನಡುವಿನ ಗೋಡೆ ಚುಚ್ಚುವಾಗಲೇ ಗೊತ್ತಾಗುತ್ತದೆ. ಸೂಜಿ ಗೋಡೆಯನ್ನು ಒತ್ತಿ ಉಬ್ಬಿಸಿದ ಜಾಗವನ್ನು ಬೈಕೇವಲ್ ನೋಟದಲ್ಲಿ (ಎರಡು ಮಹಾಸಿರೆಗಳೂ ಕಾಣುವ ನೋಟ) ಮೇಲೆ–ಕೆಳಗೆ, ಪ್ರೋಬಿನ ಕೋನ 45 ಡಿಗ್ರಿ ಆಸುಪಾಸಿನ ಅಡ್ಡನೋಟದಲ್ಲಿ ಹಿಂದೆ–ಮುಂದೆ ನೋಡಬೇಕು. ಹಿಂದಕ್ಕಿರಲಿ, ಮುಂದೆ ಮಹಾಧಮನಿ ಇದೆ. ಸೊನ್ನೆ ಡಿಗ್ರಿಯಲ್ಲಿ ಕವಾಟದ ಮಟ್ಟದಿಂದ ಎತ್ತರ 4ರಿಂದ 4.5 ಸೆಂ.ಮೀ. ಬೇಕು, ಹೃದಯ ಹಿಗ್ಗಿ ಎಸಳುಗಳು ಕೆಳಕ್ಕೆ ಜಗ್ಗಿದ್ದರೆ 3.5 ಸಾಕಾಗುತ್ತದೆ. ತಗ್ಗಾದರೆ ಕ್ಲಿಪ್ಪನ್ನು ಮೇಲೆಳೆದು ತಿರುಗಿಸಲು ಜಾಗವಿರುವುದಿಲ್ಲ. ಇನ್ನೊಮ್ಮೆ ಚುಚ್ಚಿ ಎನ್ನಲು ಸಂಕೋಚ ಬೇಡ.

ಮುಂದೆ ತ್ರೀಡಿಯಲ್ಲಿ ಕವಾಟವನ್ನು ಎಡ ಹೃತ್ಕರ್ಣದಿಂದ ನೋಡುವಂತೆ ತಿರುಗಿಸಿ, ಮಹಾಧಮನಿ 12 ಗಂಟೆಗೆ, ಅಪೆಂಡೇಜ್ 9 ಗಂಟೆಗೆ ಬರುವಂತೆ ಇಡುತ್ತೇನೆ. ಕ್ಯಾತೆಟರ್ ಹಿಡಿದವರೂ ಗಡಿಯಾರದ ಭಾಷೆಯಲ್ಲೇ ಮಾತಾಡಲಿ. ಮಧ್ಯದ ಸೋರಿಕೆಗೆ ಕ್ಲಿಪ್ಪಿನ ತೋಳು 12–6, ಅಪೆಂಡೇಜ್ ಬದಿಗೆ 1–7, ಗೋಡೆಯ ಬದಿಗೆ 11–5. ಕ್ಲಿಪ್ ಹೃತ್ಕುಕ್ಷಿಗೆ ಇಳಿಯುವಾಗ ತಿರುಗುವುದುಂಟು. ಆಗ ಗೇನ್ (ಚಿತ್ರದ ಪ್ರಖರತೆ) ತಗ್ಗಿಸಿ: ಎಸಳು ಮಸುಕಾಗಿ ಕೆಳಗಿನ ತೋಳು ಕಾಣುತ್ತದೆ. ಅದೇ ಗೇನ್‌ನಲ್ಲಿ ಎಸಳು ನೋಡಿದರೆ ಇಲ್ಲದ ತೂತು ಕಾಣುವುದೂ ಇದರಿಂದಲೇ.

ಹಲವು ಬಡಿತ ಜೋಡಿಸಿದ ಚಿತ್ರ ಚೆಂದ, ಆದರೆ ಈ ರೋಗಿಗಳಲ್ಲಿ ಏಟ್ರಿಯಲ್ ಫಿಬ್ರಿಲೇಷನ್ (ಲಯ ತಪ್ಪಿದ ಬಡಿತ) ಜಾಸ್ತಿ. ಬಡಿತ ಏರುಪೇರಾದರೆ ಚಿತ್ರದಲ್ಲಿ ಹೊಲಿಗೆ ತಪ್ಪಿದ ಗೆರೆ ಬೀಳುತ್ತದೆ. ಒಂದೇ ಬಡಿತದ ಚಿತ್ರ, ಬೇಕಾದ ಜಾಗವನ್ನಷ್ಟೇ ತೋರಿಸುವ ಸಣ್ಣ ತ್ರೀಡಿ ಪೆಟ್ಟಿಗೆ ಸಾಕು.

ಎಸಳು ಹಿಡಿಯುವ ಗಳಿಗೆಗೆ ತ್ರೀಡಿಯನ್ನು ನಂಬುವುದಿಲ್ಲ, ಅದರ ವೇಗ ಸಾಲದು. 60 ಡಿಗ್ರಿ ಆಸುಪಾಸಿನ ನೋಟ, ಅದಕ್ಕೆ ಲಂಬವಾದ ಇನ್ನೊಂದು, ಎರಡನ್ನೂ ಅಕ್ಕಪಕ್ಕ ಹಾಕಿ, ಎರಡು ಎಸಳೂ ತೋಳುಗಳ ಮೇಲೆ ಕೂತದ್ದು ಕಂಡ ಮೇಲೇ ಗ್ರಿಪ್ಪರ್ (ಎಸಳನ್ನು ತೋಳಿಗೆ ಒತ್ತಿ ಹಿಡಿಯುವ ಭಾಗ) ಇಳಿಸಲು ಹೇಳುತ್ತೇನೆ. ಹೊರಗುಳಿದ ಎಸಳಿನ ಉದ್ದವನ್ನು ಮೊದಲಿನ ಅಳತೆಯಿಂದ ಕಳೆದರೆ ಒಳಗೆಷ್ಟು ಸಿಕ್ಕಿದೆ ಎಂದು ತಿಳಿಯುತ್ತದೆ.

ಕ್ಲಿಪ್ ಬಿಡುವ ಮುನ್ನ ಸರಾಸರಿ ಗ್ರೇಡಿಯೆಂಟ್ (ಕವಾಟದ ಎರಡು ಬದಿಯ ಒತ್ತಡದ ವ್ಯತ್ಯಾಸ) 5 ಎಂ.ಎಂ. ಪಾದರಸ ದಾಟಿದೆಯೇ ನೋಡಿ, ಆಗಿನ ಹೃದಯ ಬಡಿತವನ್ನೂ ಜೊತೆಗೇ ಬರೆದಿಡಿ; ಬಡಿತ ಏರಿದರೆ ಅದೂ ಏರುತ್ತದೆ. ಅರಿವಳಿಕೆಯಲ್ಲಿ ಬಿಪಿ ಇಳಿದಿದ್ದರೆ ಸೋರಿಕೆ ಕಡಿಮೆ ಕಾಣುತ್ತದೆ. ಅರಿವಳಿಕೆ ವೈದ್ಯರಿಗೆ ಹೇಳಿ ಬಿಪಿ ಏರಿಸಿ, ಪಲ್ಮನರಿ ಸಿರೆಗಳ (ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ಬರುವವು) ಹರಿವನ್ನೂ ನೋಡಿದ ಮೇಲೆಯೇ ‘ಬಿಡಿ’ ಎನ್ನುವುದು.