ಬೋರ್ ಎಷ್ಟು ಅಡಿ? ನೀರಿನ ಪಾಠ ಅಲ್ಲಿಂದ ಶುರುವಾಗಲಿ

‘ನೀರು ಉಳಿಸಿ’ ಎಂದು ಚಾರ್ಟ್ ಬರೆಸಿ ಗೋಡೆಗೆ ಅಂಟಿಸುವುದು ಸುಲಭ. ಕೋಲಾರ ಜಿಲ್ಲೆಯ ಮಕ್ಕಳಿಗೆ ಅದರಲ್ಲಿ ಹೊಸದೇನಿದೆ? ಟ್ಯಾಂಕರ್ ಬಂದಾಗ ಬಿಂದಿಗೆ ಹಿಡಿದು ಓಡಿದವರು ಅವರು. ಅವರನ್ನು ಕಾಡುವ ಪ್ರಶ್ನೆ ಬೇರೆ: ಪಕ್ಕದ ಹೊಲದ ಬೋರ್‌ನಲ್ಲಿ ಎರಡು ಇಂಚು ನೀರು ಬಿದ್ದರೆ, ನಮ್ಮ ಹೊಲದಲ್ಲಿ ಕೊರೆಸಿದಾಗ ಬರೀ ಧೂಳು ಎದ್ದಿದ್ದೇಕೆ? ಇದಕ್ಕೆ ಉತ್ತರ ಸಿಕ್ಕರೆ ಉಳಿದ ಪಾಠ ತಾನಾಗಿ ಬರುತ್ತದೆ. 8 ಮತ್ತು 9ನೇ ತರಗತಿಗೆ ವಾರಕ್ಕೆರಡು ಪೀರಿಯಡ್ ಕೊಟ್ಟರೆ ಒಂದು ತಿಂಗಳಲ್ಲಿ ಮುಗಿಸಬಹುದು. ನಮ್ಮ ಕಡೆ ಮಳೆ ಜೋರಾಗುವ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಸಮಯ.

ಹೆಜ್ಜೆ 1: ಅಡಿ ಕೇಳಿಕೊಂಡು ಬರಲಿ

ಎತ್ತು ಕಟ್ಟಿ ಬಾವಿ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಬಾವಿ ಎಷ್ಟು ಮಾರು ಆಳವಿತ್ತು ಎಂದು ಅಜ್ಜ–ಅಜ್ಜಿಯನ್ನು ಕೇಳಲಿ. ಈಗಿನ ಬೋರ್ ಎಷ್ಟು ಅಡಿ, ಯಾವ ವರ್ಷದ್ದು ಎಂದು ಅಪ್ಪನನ್ನು ಕೇಳಲಿ. ಊರಿನ ಬೋರ್‌ಗಳ ಲೆಕ್ಕ ನೀರು ಬಿಡುವ ಪಂಚಾಯಿತಿಯ ನೀರಗಂಟಿಯ ಬಾಯಲ್ಲೇ ಇರುತ್ತದೆ. ತರಗತಿಯ ಗೋಡೆ ಮೇಲೆ ಒಂದು ಅಡಿಗೆ ಒಂದು ಮಿ.ಮೀ.ನಂತೆ ಕಾಗದದ ಪಟ್ಟಿ ಅಂಟಿಸಿ. 40 ಅಡಿಯ ಹಳೇ ಬಾವಿ 4 ಸೆಂ.ಮೀ. ಆಗುತ್ತದೆ. 1,200 ಅಡಿಯ ಬೋರ್ ಇಲ್ಲಿ ಅಪರೂಪವಲ್ಲ, ಅದರ ಪಟ್ಟಿ 120 ಸೆಂ.ಮೀ. ಇಳಿಯುತ್ತದೆ. ಪಟ್ಟಿಗಳ ಪಕ್ಕದಲ್ಲಿ ವರ್ಷ ಬರೆಸಿ, ಭಾಷಣ ಬೇಡ.

ಹೆಜ್ಜೆ 2: ಗಾಜಿನ ತೊಟ್ಟಿಯಲ್ಲಿ ನಮ್ಮ ನೆಲ

ಅಂತರ್ಜಲ ಎಂದರೆ ನೆಲದಡಿಯ ಕೆರೆ ಎಂದೇ ಮಕ್ಕಳು ಭಾವಿಸಿರುತ್ತಾರೆ. ನಮ್ಮದು ಗಟ್ಟಿ ಬಂಡೆಯ ಸೀಮೆ. ಮೇಲಿನ ಸವೆದ ಗರಸಿನಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಮರಳು ತುಂಬಿದ ಬಾಟಲಿಯ ಮಾಮೂಲಿ ಮಾದರಿ ಇಲ್ಲಿಗೆ ಹೊಂದುವುದಿಲ್ಲ.

ಹಳೆಯ ಮೀನಿನ ತೊಟ್ಟಿ ತನ್ನಿ. ತಳದಲ್ಲಿ ದಪ್ಪ ಚಪ್ಪಡಿಕಲ್ಲಿನ ಚೂರುಗಳನ್ನು ಒತ್ತೊತ್ತಾಗಿ ಜೋಡಿಸಿ. ಕೆಲವು ಸಂದುಗಳಿಗೆ ಜೇಡಿಮಣ್ಣು ಮೆತ್ತಿ, ಕೆಲವನ್ನು ಹಾಗೇ ಬಿಡಿ. ಮೇಲೆ ಮೂರು ಇಂಚು ಗರಸು. ಸುತ್ತ ತೂತು ಮಾಡಿದ ಚಿಕ್ಕ ಪ್ಲಾಸ್ಟಿಕ್ ಲೋಟವನ್ನು ಗರಸಿನಲ್ಲಿ ಹೂಳಿದರೆ ಅದೇ ತೆರೆದ ಬಾವಿ. ಸ್ಟ್ರಾ ಮತ್ತು ಸಿರಿಂಜ್ ಬೋರ್‌ವೆಲ್. ನಿಧಾನವಾಗಿ ನೀರು ಹನಿಸಿ.

ಲೋಟದಲ್ಲಿ ನೀರು ಕಂಡ ಮೇಲೆ ಒಂದು ಸ್ಟ್ರಾವನ್ನು ತೆರೆದ ಸಂದಿಗೆ ಇಳಿಸಿ, ಇನ್ನೊಂದನ್ನು ಗರಸು ದಾಟಿಸಿ ಕಲ್ಲಿನ ನೆತ್ತಿಗೆ ಒತ್ತಿಡಿ. ಮೊದಲನೆಯದು ಎಳೆಯುತ್ತದೆ, ಎರಡನೆಯದಕ್ಕೆ ಹೆಚ್ಚೆಂದರೆ ಗರಸಿನ ನಾಲ್ಕು ಹನಿ. ಧೂಳಿನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ! ಈಗ ಅದೇ ಸಂದಿಗೆ ಮೂರನೇ ಸ್ಟ್ರಾ ಇಳಿಸಿ, ಎರಡರಲ್ಲೂ ಒಟ್ಟಿಗೆ ಎಳೆಯಿರಿ. ಎರಡೂ ಸೊರಗುತ್ತವೆ, ಅಷ್ಟರಲ್ಲಿ ಲೋಟದ ಬಾವಿ ಬತ್ತಿರುತ್ತದೆ. ನಮ್ಮೂರ ತೆರೆದ ಬಾವಿಗಳಿಗೆ ಆದದ್ದೂ ಇದೇ.

ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೀರು ನೋಡುವವರ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ನಗಬೇಡಿ. ಮನೆಮನೆಯಲ್ಲಿ ಎಷ್ಟು ಬಾರಿ ನೋಡಿಸಿದರು, ಎಷ್ಟು ಬಾರಿ ನೀರು ಬಿತ್ತು ಎಂದು ಲೆಕ್ಕ ತರಿಸಿ.

ಹೆಜ್ಜೆ 3: ಕೆರೆ ಏರಿಯ ಮೇಲೆ ಒಂದು ಬೆಳಿಗ್ಗೆ

ಪೋಷಕರ ಒಪ್ಪಿಗೆ ಬೇಕು, ಜೊತೆಗೆ ಇಬ್ಬರು ದೊಡ್ಡವರು ಬೇಕು. ಯಾರೂ ನೀರಿಗೆ ಇಳಿಯಕೂಡದು. ಏರಿ, ಹೊಲಕ್ಕೆ ನೀರು ಬಿಡುವ ತೂಬು, ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಕೋಡಿ, ಕೆರೆಯಿಂದ ಕೆರೆಗೆ ನೀರು ಒಯ್ಯುವ ರಾಜಕಾಲುವೆಗಳನ್ನು ಮಕ್ಕಳೇ ಗುರುತಿಸಿ ನಕ್ಷೆ ಬರೆಯಲಿ. ಕೋಡಿ ಬಿದ್ದ ನೀರು ಯಾವ ಕೆರೆಗೆ ಹೋಗುತ್ತದೆ, ಅದರ ಕೋಡಿ ಮುಂದೆ ಎಲ್ಲಿಗೆ? ಹೀಗೆ ನಾಲ್ಕೈದು ಕೆರೆ ದಾಟಿಸಿದರೆ ಸರಣಿ ಕಣ್ಣಿಗೆ ಕಟ್ಟುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಗೆ ಹಿರಿಯರು ಕಂಡುಕೊಂಡ ಉಪಾಯವದು. ನಡುವೆ ರಾಜಕಾಲುವೆ ಎಲ್ಲಿ ಮಾಯವಾಗಿದೆ ಎಂಬುದೂ ಆಗಲೇ ಗೊತ್ತಾಗುವುದು.

ಎರಡೂ ಕಡೆ ತೆರೆದ ಡಬ್ಬವನ್ನು ನೆಲಕ್ಕೆ ಎರಡು ಇಂಚು ಒತ್ತಿ, ಅರ್ಧ ಲೀಟರ್ ನೀರು ಸುರಿದು, ಇಂಗಲು ಎಷ್ಟು ನಿಮಿಷ ಎಂದು ಬರೆದುಕೊಳ್ಳಿ. ಹೊಂಗೆ ಮರದಡಿ, ಶಾಲೆಯ ಮೈದಾನ, ಕೆರೆಯಂಗಳದ ಒಣ ಹೂಳು, ಮೂರು ಕಡೆ ಮಾಡಿ. ಕೆರೆಯ ನುಣುಪು ಹೂಳಿನಲ್ಲಿ ನೀರು ಹಟ ಹಿಡಿದಂತೆ ನಿಂತಾಗ ಮಕ್ಕಳು ಬೆರಗಾಗುತ್ತಾರೆ. ರೈತರು ಬೇಸಿಗೆಯಲ್ಲಿ ಇದೇ ಹೂಳನ್ನು, ಅಂದರೆ ಗೋಡುಮಣ್ಣನ್ನು, ಹೊತ್ತು ಹೊಲಕ್ಕೆ ಹಾಕುತ್ತಿದ್ದುದರ ಮಾತು ಆಗ ತೆಗೆಯಿರಿ.

ಕೆಲಕಾಲವಾದರೂ ನೀರು ನಿಲ್ಲುವ ನೆಲಕ್ಕೆ ಹೇಳುವ ಜೌಗುಪ್ರದೇಶ ಎಂಬ ಪದವನ್ನು ಇಲ್ಲಿಯೇ ಹೇಳಿ. ಇರಾನಿನ ರಾಮ್ಸರ್ ಪಟ್ಟಣದಲ್ಲಿ 1971ರ ಫೆಬ್ರುವರಿ 2ರಂದು ಆದ ಒಪ್ಪಂದ ಮನುಷ್ಯ ಕಟ್ಟಿದ ಕೆರೆಯನ್ನೂ ಜೌಗುಪ್ರದೇಶವೆಂದೇ ಎಣಿಸುತ್ತದೆ. ನಮ್ಮ ದೇಶದ 2017ರ ನಿಯಮಗಳು ಮಾತ್ರ ಕುಡಿಯುವ ನೀರಿಗೆ, ನೀರಾವರಿಗೆ ಎಂದೇ ಕಟ್ಟಿದ ಕೆರೆಗಳನ್ನು ಹೊರಗಿಟ್ಟಿವೆ. ಅಂಚಿನ ಜೊಂಡು, ಬೆಳ್ಳಕ್ಕಿ, ನೀರುಕಾಗೆ, ಬಸವನಹುಳು ಈ ಭೇದ ಓದಿಲ್ಲ.

ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯ ನೀರು ಬರುವ ಕೆರೆಯಾದರೆ ಬರಿಗೈಯಲ್ಲಿ ಮುಟ್ಟಿಸಬೇಡಿ. ಅದು 2018ರಿಂದ ಹರಿಯುತ್ತಿರುವ, ಬೆಂಗಳೂರಿನಲ್ಲಿ ಎರಡು ಹಂತ ಸಂಸ್ಕರಿಸಿದ ಕೊಳಚೆನೀರು. ಉದ್ದೇಶ ಅಂತರ್ಜಲ ಮರುಪೂರಣ. ಮೂರನೇ ಹಂತವೂ ಬೇಕೆಂಬ ಒತ್ತಾಯ ಜಿಲ್ಲೆಯಲ್ಲಿದೆ. ಎರಡೂ ಮಾತನ್ನು ಮಕ್ಕಳ ಮುಂದಿಡಿ.

ಹೆಜ್ಜೆ 4: ಸೂರಿನ ಲೆಕ್ಕ

ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. 60 ಚದರ ಮೀಟರ್ ಸೂರಿಗೆ 20 ಮಿ.ಮೀ. ಮಳೆ ಬಿದ್ದರೆ 1,200 ಲೀಟರ್, ಅಂದರೆ 200 ಲೀಟರಿನ ಆರು ಡ್ರಮ್. ಬಿಸಿಯೂಟದ ಅಡುಗೆಗೂ ತಟ್ಟೆ ತೊಳೆಯಲೂ ದಿನಕ್ಕೆ ಎಷ್ಟು ಬಕೆಟ್ ಬೇಕೆಂದು ಅಡುಗೆಯವರನ್ನು ಕೇಳಿ ಹೋಲಿಸಲಿ.

ಹೆಜ್ಜೆ 5: ಶುದ್ಧ ನೀರಿನ ಘಟಕ

ಆಳದ ಬಂಡೆಯಲ್ಲಿ ಬಹುಕಾಲ ನಿಂತ ನೀರಿಗೆ ಫ್ಲೋರೈಡ್ ಸೇರುತ್ತದೆ. ಲೀಟರಿಗೆ 1.5 ಮಿ.ಗ್ರಾಂ. ಮೀರಿದರೆ ಕುಡಿಯಲು ತಕ್ಕದ್ದಲ್ಲ. ಹಲ್ಲಿನ ಕಂದು ಕಲೆಯ ವಿಷಯ ಹೇಳುವಾಗ ತರಗತಿಯ ಯಾವ ಮಗುವಿನ ಕಡೆಗೂ ನೋಡಬೇಡಿ. ಆಮೇಲೆ ಇಂಥ ನೀರನ್ನು ಶುದ್ಧ ಮಾಡುವ ಊರಿನ ಘಟಕಕ್ಕೆ ಕರೆದೊಯ್ಯಿರಿ. ಒಂದು ಕ್ಯಾನ್ ತುಂಬುವಷ್ಟರಲ್ಲಿ ಶುದ್ಧ ಮಾಡುವಾಗ ಬೇಡವಾದ ನೀರು ಹಿಂದಿನ ಪೈಪಿನಿಂದ ಎಷ್ಟು ಹೊರಹೋಗುತ್ತದೆ ಎಂದು ಬಕೆಟ್ ಹಿಡಿದು ಅಳೆಯಲಿ, ಅದು ಎಲ್ಲಿಗೆ ಹರಿಯುತ್ತದೆ ಎಂದು ಹಿಂಬಾಲಿಸಿ ನೋಡಲಿ.